ಗ್ಯಾಸ್ಟ್ರಿಕ್ ಅಂತಾರೆ, ಎಲ್ಲಿ ಅಂತ ಕೇಳ್ತೀನಿ

ಕೋಲಾರದ ಟೊಮೆಟೊ ಮಂಡಿ ಹತ್ತಿರ ನನ್ನ ಮೆಡಿಕಲ್ ಸ್ಟೋರ್. ಬರುವವರಲ್ಲಿ ಬಹಳ ಜನರ ಕಾಯಿಲೆಗೆ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ಉರಿಯೂ ಅದೇ, ಹುಳಿತೇಗೂ ಅದೇ, ಹೊಟ್ಟೆ ಉಬ್ಬರವೂ ಅದೇ, ಬೆನ್ನು ಹಿಡಿದುಕೊಂಡರೂ ಅದೇ. ಕೈಯಲ್ಲಿ ರಿಪೋರ್ಟ್ ಇದ್ದರೂ ಓದಿ ಹೇಳುವವರಿಲ್ಲ. ಅದಕ್ಕೇ ಹಳೇ ಕ್ಯಾಲೆಂಡರಿನ ಹಿಂಬದಿಗೆ ಬಾಯಿಂದ ಗುದದ್ವಾರದವರೆಗಿನ ದಾರಿಯನ್ನು ಸ್ಕೆಚ್ ಪೆನ್ನಲ್ಲಿ ಬರೆದು ಕೌಂಟರ್ ಪಕ್ಕ ಅಂಟಿಸಿದ್ದೇನೆ. ಯಾವ ಪದ ಬಂದರೂ ಅದು ಎಲ್ಲಿಯದು ಅಂತ ಮೊದಲು ಬೆರಳಿಟ್ಟು ತೋರಿಸುವುದು, ಅಲ್ಲಿ ಏನಾಗಿದೆ ಅಂತ ಆಮೇಲೆ ಹೇಳುವುದು.

ಮಂಡಿಯಲ್ಲಿ ಕ್ರೇಟ್ ಹೊರುವ ಒಬ್ಬರು ಎಂಡೋಸ್ಕೋಪಿ ರಿಪೋರ್ಟ್ ತಂದಿದ್ದರು. 'ಅಣ್ಣಾ, ಒಳಗೆಲ್ಲ ಕೊಳೆತೋಗೈತೇನೋ, ನೋಡಿ ಒಸಿ' ಅಂದರು. ಕೆಳಗೆ ಇಂಪ್ರೆಶನ್ ಅಂತ ಇರುವ ಕಡೆ 'ಎರೋಸಿವ್ ಆಂಟ್ರಲ್ ಗ್ಯಾಸ್ಟ್ರೈಟಿಸ್, ಆರ್‌ಯುಟಿ ಪಾಸಿಟಿವ್' ಎಂದಿತ್ತು. ಆಂಟ್ರಮ್ ಅಂದರೆ ಜಠರದ ಕೆಳಭಾಗ, ಸಣ್ಣ ಕರುಳಿಗೆ ಹೋಗುವ ಬಾಗಿಲಿಗೆ ಮುಂಚೆ. ಹೆಸರಿನ ಕೊನೆಗೆ 'ಐಟಿಸ್' ಬಂದರೆ ಅಲ್ಲಿ ಉರಿಯೂತ. ಎರೋಸಿವ್ ಅಂದರೆ ಒಳಪೊರೆ ಮೇಲ್ಮೇಲೆ ತರಚಿದೆ, ಅಷ್ಟೇ. ಅದೇ ಗಾಯ ಆಳಕ್ಕೆ ಇಳಿದಿದ್ದರೆ ಅಲ್ಸರ್ ಅಂತ ಬರೆಯುತ್ತಿದ್ದರು. ಕೊಳೆತದ್ದೇನೂ ಇಲ್ಲ.

ಆರ್‌ಯುಟಿ ಅಂದರೆ ರ್ಯಾಪಿಡ್ ಯೂರಿಯೇಸ್ ಟೆಸ್ಟ್. ಅದಕ್ಕೆ ಎಂಡೋಸ್ಕೋಪಿಯಲ್ಲೇ ಒಳಪೊರೆಯ ಒಂದು ಚೂರು ತೆಗೆದು ಯೂರಿಯಾ ಇರುವ ಕಿಟ್ಟಿಗೆ ಹಾಕುತ್ತಾರೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಹಳದಿ ಇದ್ದದ್ದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದೇ ಪಾಸಿಟಿವ್. ಹೊಟ್ಟೆಯ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆಂದು ಮೊದಮೊದಲು ವೈದ್ಯರೇ ನಂಬಿರಲಿಲ್ಲ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದು ಗ್ಯಾಸ್ಟ್ರೈಟಿಸ್ ತರಿಸಿಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಇಷ್ಟೆಲ್ಲ ಕೌಂಟರಿನಲ್ಲಿ ಹೇಳಲ್ಲ ಬಿಡಿ. ಒತ್ತಿ ಹೇಳುವುದು ಒಂದನ್ನೇ: ಇದಕ್ಕೆ ಆಂಟಿಬಯಾಟಿಕ್ ಸಾಮಾನ್ಯವಾಗಿ 14 ದಿನ ಬರೆಯುತ್ತಾರೆ, ಉರಿ ಕಮ್ಮಿಯಾಯಿತು ಅಂತ ನಡುವೆ ನಿಲ್ಲಿಸಬಾರದು. ಆಮ್ಲ ಕಮ್ಮಿ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಅಗಿಯದೆ ನುಂಗಬೇಕು. ಊಟ ಮಾಡಿದಾಗಲೇ ಆಮ್ಲ ಸುರಿಸುವ ಪಂಪುಗಳು ಚಾಲೂ ಆಗುವುದು, ಮಾತ್ರೆ ಅಷ್ಟರೊಳಗೆ ರಕ್ತಕ್ಕೆ ಸೇರಿರಬೇಕು. ಇನ್ನೊಂದು, ಅವರು ಸೊಂಟ ನೋವಿಗೆ ಖಾಲಿ ಹೊಟ್ಟೆಯಲ್ಲಿ ಡೈಕ್ಲೋಫೆನ್ಯಾಕ್ ನುಂಗಿಕೊಂಡೇ ಲೋಡಿಗೆ ಹೋಗುತ್ತಿದ್ದರು. ಒಳಪೊರೆ ತರಚುವುದರಲ್ಲಿ ಅದರದ್ದೂ ಪಾಲಿರುತ್ತದೆ. ಡಾಕ್ಟರಿಗೆ ಅದನ್ನು ಹೇಳಿಯೇ ಇರಲಿಲ್ಲ. ಹೇಳಿ ಬನ್ನಿ ಅಂತ ವಾಪಸ್ ಕಳಿಸಿದೆ.

ಸ್ಕ್ಯಾನಿಂಗ್ ರಿಪೋರ್ಟಿನ 'ಕೋಲಿಲಿಥಿಯಾಸಿಸ್' ಇನ್ನೊಂದು ತಲೆನೋವು. ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಅರ್ಥ. ಕಲ್ಲು ಅಂದ ತಕ್ಷಣ ಬಾಳೆದಿಂಡಿನ ರಸ ಶುರು, ಬಿಂದಿಗೆಗಟ್ಟಲೆ ನೀರು ಶುರು. ಕುಡಿದ ನೀರು ಮೂತ್ರಪಿಂಡದ ದಾರಿ ಹಿಡಿಯುತ್ತದೆಯೇ ಹೊರತು ಪಿತ್ತಕೋಶದೊಳಗೆ ಹಾಯುವುದಿಲ್ಲ. ಅಲ್ಲಿಗೆ ಬರುವುದು ಯಕೃತ್ತಿನ ಪಿತ್ತರಸ ಮಾತ್ರ. ಹೀಗಾಗಿ ಈ ಕಲ್ಲು ಬಾಳೆದಿಂಡಿನ ರಸಕ್ಕೆ ಜಗ್ಗುವುದಿಲ್ಲ. ಅದೇ ಜಾಗಕ್ಕೆ 'ಕೋಲಿಸಿಸ್ಟೈಟಿಸ್' ಅಂತ ಬರೆದಿದ್ದು, ಬಲಪಕ್ಕೆಯ ಕೆಳಗೆ ನೋವು, ಚಳಿಜ್ವರ, ಕಣ್ಣು ಹಳದಿ ಇದ್ದರೆ ಅವತ್ತೇ ಆಸ್ಪತ್ರೆಗೆ.

ಮಲ ಕಪ್ಪಗಿದೆ ಅಂದವರನ್ನು ಮೊದಲು ಐರನ್ ಮಾತ್ರೆ ತಗೋತಿದ್ದೀರಾ ಅಂತ ಕೇಳುತ್ತೇನೆ. ಬಸುರಿಯರಲ್ಲಿ ಬಹುತೇಕ ಅದೇ ಕಾರಣ. ಡಾಂಬರಿನ ಹಾಗೆ ಅಂಟಂಟಾಗಿ, ತೀರಾ ಕೆಟ್ಟ ವಾಸನೆ ಇದ್ದರೆ ಅದು ಮೆಲಿನಾ, ಮೇಲೆಲ್ಲೋ ಸೋರಿದ ರಕ್ತ ಜೀರ್ಣವಾಗಿ ಬಂದದ್ದು. ಅಂಥವರಿಗೆ ನಾನು ಏನೂ ಕೊಡುವುದಿಲ್ಲ, ಆಟೋ ಹತ್ತಿಸುತ್ತೇನೆ.

ಪೈಲ್ಸ್, ಫಿಶರ್, ಫಿಸ್ಟುಲಾ ಮೂರನ್ನೂ ಜನ ಮೂಲವ್ಯಾಧಿ ಅಂದುಬಿಡುತ್ತಾರೆ. ಮಲಕ್ಕೆ ಕೂತಾಗ ಕೊಯ್ದಂತೆ ನೋವಾದರೆ ಸಾಮಾನ್ಯವಾಗಿ ಫಿಶರ್, ನೋವಿಲ್ಲದೆ ಕೆಂಪು ರಕ್ತ ತೊಟ್ಟಿಕ್ಕಿದರೆ ಹೆಚ್ಚಾಗಿ ಪೈಲ್ಸ್, ಗುದದ್ವಾರದ ಪಕ್ಕದಲ್ಲಿ ತೂತಾಗಿ ಕೀವು ಸೋರಿದರೆ ಫಿಸ್ಟುಲಾ. ಖಚಿತ ಮಾಡಬೇಕಾದವರು ಡಾಕ್ಟರೇ. ಹೆಂಗಸರು ಇದನ್ನು ನನ್ನ ಹತ್ತಿರ ಹೇಳಲು ಮುಜುಗರ ಪಡುತ್ತಾರೆ, ನನ್ನ ಹೆಂಡತಿ ಬಂದ ಮೇಲೆ ಬರುತ್ತಾರೆ.

ಆದರೆ ಎದೆ ಮಧ್ಯೆ ಭಾರ, ಬೆವರು, ಎಡಗೈಗೋ ದವಡೆಗೋ ಎಳೆತ ಅಂದರೆ ಚಿತ್ರದ ಹತ್ತಿರವೇ ಹೋಗುವುದಿಲ್ಲ, ಅದು ಹೃದಯಾಘಾತ ಇರಬಹುದು. 'ಗ್ಯಾಸ್ ಸಿರಪ್ ಒಂದು ಕೊಡಿ ಸಾಕು' ಅಂತ ಎಷ್ಟು ಜಗಳ ಮಾಡಿದರೂ ಕೊಡದೆ, ಮೊದಲು ಇಸಿಜಿ ಮಾಡಿಸಿ ಅಂತಲೇ ಕಳಿಸುತ್ತೇನೆ. ಸಕ್ಕರೆ ಕಾಯಿಲೆ ಇರುವವರಾದರೆ ಒಬ್ಬರನ್ನೇ ಬಿಡದೆ ಜೊತೆಗೊಬ್ಬರನ್ನು ಹುಡುಕಿ ಕೂರಿಸುತ್ತೇನೆ.