ಕೋಟೆ ಕಲ್ಲಿಗೆ ಎಷ್ಟು ಶಾರ್ಪ್ ಬೇಕು?

ಫೋಟೊಶಾಪ್‌ನಲ್ಲಿ ಫೋಟೊದ ಅಂಚು ಚೂಪು ಮಾಡುವ (ಶಾರ್ಪನಿಂಗ್) ಲೆಕ್ಕ: ಅಮೌಂಟ್ (ಎಷ್ಟು ಜೋರು) 150, ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲ) 1, ಥ್ರೆಶೋಲ್ಡ್ (ಎಷ್ಟು ವ್ಯತ್ಯಾಸವಿದ್ದರೆ ಅಂಚು) 3. ದಾವಣಗೆರೆಯಲ್ಲಿ ಆಲ್ಬಂ ಕೆಲಸ ಮಾಡುವವರನ್ನು ಕೇಳಿ, ಇಂಥದ್ದೊಂದು ಲೆಕ್ಕ ಬಾಯಲ್ಲೇ ಇರುತ್ತದೆ. ನಾನು ಲೆಕ್ಕ ಬಿಟ್ಟು ಕಣ್ಣನ್ನೇ ನಂಬುತ್ತೇನೆ ಎಂದಾಗ, ಈ ಕೆಲಸದ ಗೆಳೆಯರು 'ಸಾವಿರ ಫೋಟೊದ ಮದುವೆಗೆ ಇದೆಲ್ಲ ಆಗೋ ಮಾತಾ?' ಎಂದರು. ಸಾವಿರಕ್ಕೆ ಯಾಕೆ ಬೇಕು? ಆಲ್ಬಂಗೆ ಬರುವ ನೂರು, ನೂರಿಪ್ಪತ್ತಕ್ಕೆ ಮಾಡಿದರಾಯಿತು. ಈಗ ಅದೇ ಗೆಳೆಯರಲ್ಲಿ ನಾಲ್ಕೈದು ಜನ ಪ್ರಿಂಟ್‌ಗೆ ಮುಂಚೆ ಫೈಲ್ ನನಗೇ ಕಳಿಸುತ್ತಾರೆ.

ಇದಕ್ಕೂ ಮೊದಲು ಎರಡು ಸಾವಿರ ಚಿಲ್ಲರೆ ಕೊಟ್ಟು ಆಕ್ಷನ್ ಪ್ಯಾಕ್ (ಒಂದು ಕ್ಲಿಕ್‌ಗೆ ಓಡುವ ರೆಡಿಮೇಡ್ ಎಡಿಟಿಂಗ್ ಹಂತಗಳು) ತಂದಿದ್ದೆ. ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಪ್ರೀ-ವೆಡ್ಡಿಂಗ್ ಫೋಟೊಗಳಿಗೆ ಅದೇ ಬಿತ್ತು. ಬಂಡೆಗಳೇನೋ ಎದ್ದು ಕಂಡವು. ಆದರೆ ಬಂಡೆ ಆಕಾಶಕ್ಕೆ ತಾಗುವ ಕಡೆಯೆಲ್ಲ ಬಿಳಿ ಗೆರೆ. ಆಕಾಶದ ತುಂಬ ರವೆ ಚೆಲ್ಲಿದ ಹಾಗೆ ನಾಯ್ಸ್. ಮದುಮಗಳ ಕೆನ್ನೆ ಒರಟು. ಸಾಲದ್ದಕ್ಕೆ ಲ್ಯಾಬ್‌ನವರ ಮೆಷಿನ್ ತನ್ನ ಶಾರ್ಪನಿಂಗ್ ಬೇರೆ ಸೇರಿಸಿತ್ತು. ಆಲ್ಬಂ ಮತ್ತೆ ಹಾಕಿಸಲು ಏಳೆಂಟು ಸಾವಿರ ಹೋಯಿತು. ಆಮೇಲಿಂದ 'ನೋ ಕರೆಕ್ಷನ್' ಎಂದು ಬರೆದೇ ಫೈಲ್ ಕೊಡುತ್ತೇನೆ.

ಈಗ 100% ಜೂಮ್‌ನಲ್ಲಿ ಬಂಡೆಯ ಅಂಚು ಹಿಡಿಯುತ್ತೇನೆ. ಸ್ಲೈಡರನ್ನು ಬೇಕಂತಲೇ ಫೋಟೊ ಕೆಡುವ ತನಕ ಎಳೆಯುತ್ತೇನೆ. ಬಿಳಿ ಗೆರೆ ಕಂಡಿತಲ್ವಾ? ಅದು ಮಾಯವಾಗುವ ತನಕ ವಾಪಸ್, ಅಲ್ಲಿಂದ ಇನ್ನೂ ಒಂಚೂರು ವಾಪಸ್. ಕೋಟೆಯ ಕಲ್ಲಿನಲ್ಲಿ ಸಣ್ಣ ಸಣ್ಣ ಹರಳಿದೆ. ರೇಡಿಯಸ್ 0.6, 0.7ರ ಆಸುಪಾಸಿನಲ್ಲಿ ಹರಳು ಹರಳಾಗೇ ಕಾಣುತ್ತದೆ. 1.5 ದಾಟಿದರೆ ಬರೀ ಕಪ್ಪು-ಬಿಳಿ ಚುಕ್ಕೆ. ಹತ್ತು ನಿಮಿಷ ನೋಡಿದರೆ ಕಣ್ಣು ಒಗ್ಗಿಬಿಡುತ್ತದೆ, ಜಾಸ್ತಿಯಾಗಿದ್ದೂ ಕಮ್ಮಿ ಅನಿಸುತ್ತದೆ. ಆಗ ಕಣ್ಣಿಗೆ ಸ್ವಲ್ಪ ಬಿಡುವು ಕೊಟ್ಟು ನೋಡಿ, ಜಾಸ್ತಿಯಾಗಿದ್ದು ಸಿಕ್ಕಿಬೀಳುತ್ತದೆ. ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಲ್ಟ್ ಒತ್ತಿ ಮಾಸ್ಕಿಂಗ್ ಸ್ಲೈಡರ್ ಎಳೆದಾಗ ಶಾರ್ಪ್ ತಾಗದ ಕಡೆ ಕಪ್ಪು, ತಾಗುವ ಕಡೆ ಬಿಳಿ ಕಾಣುತ್ತದೆ. ಆಕಾಶ, ಕೆನ್ನೆ ಕಪ್ಪಾಗಬೇಕು. ರೆಪ್ಪೆ, ಜರಿ ಬೆಳ್ಳಗೆ ಉಳಿಯಬೇಕು. ಜರಿಗೆ ನಾನು ಬೇರೆಯೇ ಲೇಯರ್ ಹಾಕುತ್ತೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪ್ರಿಂಟ್‌ಗೆ ಸ್ಕ್ರೀನ್ ನಂಬಬೇಡಿ. ಓಬವ್ವನ ಕಿಂಡಿಯ ಒಂದೇ ಫೋಟೊವನ್ನು ಐದು ಪಟ್ಟಿ ಮಾಡಿ, ಪಟ್ಟಿಯಿಂದ ಪಟ್ಟಿಗೆ ಶಾರ್ಪ್ ಏರಿಸುತ್ತಾ ಹೋಗಿ, ಒಂದೇ 12x18 ಶೀಟಿನಲ್ಲಿ ಹಾಕಿಸಿದೆ. ಗ್ಲಾಸಿಯಲ್ಲೊಂದು, ಮ್ಯಾಟ್‌ನಲ್ಲೊಂದು. ಎರಡೂ ಸೇರಿ ನೂರು ರೂಪಾಯಿ ಆಗಿರಬಹುದು. ತೋಳಳತೆ ದೂರದಿಂದ ನೋಡಿದರೆ ಗ್ಲಾಸಿಯಲ್ಲಿ ಎರಡನೇ ಪಟ್ಟಿ, ಮ್ಯಾಟ್‌ನಲ್ಲಿ ನಾಲ್ಕನೇದು ಚೆನ್ನಾಗಿತ್ತು. ಆ ನಾಲ್ಕನೇದು ಸ್ಕ್ರೀನಿನಲ್ಲಿ ಅತಿ ಅನಿಸಿತ್ತು! ಆ ಶೀಟುಗಳು ಇವತ್ತಿಗೂ ಮಾನಿಟರ್ ಪಕ್ಕದ ಗೋಡೆಯಲ್ಲಿವೆ.

ದಾವಣಗೆರೆಯ ಕುಂದುವಾಡ ಕೆರೆಯ ಹಕ್ಕಿಗಳ ಮೇಲೂ ಸುಮ್ನೆ ಇದನ್ನೇ ಪರೀಕ್ಷೆ ಮಾಡಿದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ; ಏರಿದಷ್ಟೂ ನಾಯ್ಸ್ ಜಾಸ್ತಿ) 3200ರಲ್ಲಿ ನೀರಿಗೆ ಶಾರ್ಪ್ ತಾಗಿದರೆ ಕೆಟ್ಟಿತು. ಕಣ್ಣು, ಕೊಕ್ಕು, ಕತ್ತಿನ ಗರಿಗೆ ಬ್ರಶ್‌ನಲ್ಲಿ ಕೊಟ್ಟರೆ ಹಕ್ಕಿ ಪೂರ್ತಿ ಚೂಪಾಗಿ ಕಾಣುತ್ತದೆ. ರೆಕ್ಕೆ ಮುಟ್ಟುವುದೇ ಬೇಡ.