ಪಾಲಿಶ್ ಶೆಡ್ಡಿನಲ್ಲಿ ಮಿಲಿಟ್ರಿ ವಾಚ್: ನನ್ನ ಅನುಭವ

ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಪಾಲಿಶ್ ಮಾಡುವ ಶೆಡ್ಡಿನಲ್ಲಿ ಮೊಬೈಲ್ ತೆಗೆದು ಟೈಮ್ ನೋಡುವುದು ಆಗದ ಕೆಲಸ. ಮೊಣಕೈತನಕ ಸುಣ್ಣಗಲ್ಲಿನ ರಾಡಿ, ಕಿವಿ ತುಂಬ ಯಂತ್ರದ ಗದ್ದಲ, ಮೊಬೈಲ್ ಎಲ್ಲೋ ಪ್ಲಾಸ್ಟಿಕ್ ಚೀಲದಲ್ಲಿ. ಶಹಾಬಾದ ಕಡೆ ಈ ಧಂದೆಯಲ್ಲಿ ಸೂಪರ್‌ವೈಸರ್ ಆಗಿರುವ ನನಗೆ ದಿನವಿಡೀ ಟೈಮ್ ಬೇಕು. ಕರೆಂಟ್ ಎಷ್ಟಕ್ಕೆ ಹೋಯಿತು, ಎಷ್ಟಕ್ಕೆ ಬಂತು, ಒಂದು ಸಾಲು ಕಲ್ಲಿಗೆ ಎಷ್ಟು ನಿಮಿಷ ಹಿಡಿಯಿತು, ಲಾರಿ ಯಾವಾಗ ಹೊರಟಿತು. ಮಿಲಿಟ್ರಿ ನಮೂನೆಯ ವಾಚಿನ ಕಡೆ ನಾನು ಹೊರಳಿದ್ದು ಈ ಲೆಕ್ಕಕ್ಕಾಗಿ. ಸೈನ್ಯದ ಮೇಲೆ ಅಭಿಮಾನ ನನಗೂ ಇದೆ, ಅದನ್ನು ಮುಂಗೈಗೆ ಕಟ್ಟಿಕೊಂಡು ತಿರುಗಬೇಕು ಅನಿಸಿಲ್ಲ ಅಷ್ಟೇ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ‘ಆರ್ಮಿ ವಾಚ್’ ಅಂತ ಕೇಳಿದರೆ ಮುಂದೆ ಬರುವ ಮಾಲೇ ಬೇರೆ. ಹಸಿರು, ಕಂದು ಬಣ್ಣದ ಚಿತ್ತಾರದ ಬೆಲ್ಟ್, ಮುಂಗೈ ಮುಚ್ಚುವಷ್ಟು ದೊಡ್ಡ ಡಯಲ್, ಅದರೊಳಗೆ ಮತ್ತೆ ಮೂರು ಸಣ್ಣ ಡಯಲ್. ಅಗ್ಗದ ಮಾಲಿನಲ್ಲಿ ಆ ಮೂರೂ ಎಷ್ಟೋ ಸಲ ಬರೀ ಅಲಂಕಾರ, ಮುಳ್ಳು ತಿರುಗುವುದೇ ಇಲ್ಲ. ಸೈನ್ಯಗಳು ಕೇಳಿದ್ದು ಇದರ ತದ್ವಿರುದ್ಧ. ಬ್ರಿಟಿಷ್ ಸೈನ್ಯ 1945ರಲ್ಲಿ 12 ಕಂಪನಿಗಳಿಂದ ಪಡೆದ ವಾಚುಗಳ ಬೇಡಿಕೆಯಲ್ಲಿ ಇದ್ದದ್ದು ಇಷ್ಟು: ಕಪ್ಪು ಡಯಲ್, ದಪ್ಪ ಅಂಕಿ, ನಿಮಿಷಕ್ಕೊಂದು ಗೆರೆ, ಕತ್ತಲಲ್ಲಿ ಹೊಳೆಯುವ ಮುಳ್ಳು, ನೀರು ತಡೆಯುವ ಕೇಸ್, ಒಡೆದು ಚೂರಾಗದ ಗ್ಲಾಸ್, 15 ಜ್ಯುವೆಲ್‌ಗಳ (ತಿರುಗುವ ಭಾಗಗಳ ಸವೆತ ತಡೆಯುವ ಪುಟ್ಟ ಹರಳುಗಳ) ಯಂತ್ರ. ಒಮೆಗಾ, ಲಾಂಜಿನ್ಸ್, ಐಡಬ್ಲ್ಯೂಸಿ ಆ ಹನ್ನೆರಡರಲ್ಲಿ ಇದ್ದವು. ಅಳತೆ ಸುಮಾರು 35ರಿಂದ 38 ಮಿಲಿಮೀಟರ್. ಈಗ ‘ಮಿಲಿಟ್ರಿ’ ಹೆಸರಲ್ಲಿ ಮಾರುವ 45, 48 ಮಿಲಿಮೀಟರಿನವನ್ನು ಕಟ್ಟಿಕೊಂಡರೆ ಬಾಗಿಲ ಚೌಕಟ್ಟಿಗೆ, ಕಲ್ಲಿನ ಅಂಚಿಗೆ ಬಡಿಯುವುದೇ ಕೆಲಸ. ಜರ್ಮನ್ ವಿಮಾನದವರ ವಾಚು 55 ಮಿಲಿಮೀಟರ್ ಇತ್ತು, ನಿಜ. ಆದರೆ ಅವರು ಅದನ್ನು ದಪ್ಪ ಜಾಕೆಟ್ಟಿನ ತೋಳಿನ ಮೇಲೆ ಕಟ್ಟುತ್ತಿದ್ದರು. ಕಲಬುರಗಿಯ ಬಿಸಿಲಿಗೆ ಜಾಕೆಟ್ ಹಾಕುವವರು ಯಾರಿದ್ದಾರೆ?

ಅಮೆರಿಕದ ಸೈನ್ಯ 1964ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಡಿಮೆ ಬೆಲೆಯ, ಕೆಟ್ಟರೆ ರಿಪೇರಿ ಮಾಡದೆ ಬಿಸಾಡುವಂಥ ವಾಚಿಗೆ ನಿಯಮ ಬರೆಯಿತು. ದುಬಾರಿ ವಾಚಿಗೂ ಸೈನಿಕನಿಗೂ ಗಂಟು ಹಾಕುವ ಜಾಹೀರಾತು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹೀಗಾಗಿ ನಾನು ಹುಡುಕಿದ್ದು 38 ಮಿಲಿಮೀಟರಿನ, ಕಪ್ಪು ಡಯಲ್‌ನ, ಸೆಲ್ ಹಾಕುವ ಸಾದಾ ವಾಚು. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯ ದೀಪದ ಕೆಳಗೆ ಎಲ್ಲ ವಾಚೂ ಚೆನ್ನಾಗಿಯೇ ಕಾಣುತ್ತವೆ. ನಾನು ಕೇಳಿ ಹೊರಗೆ ರಸ್ತೆಗೆ ತಂದು, ಮಧ್ಯಾಹ್ನದ ಬಿಸಿಲಿಗೆ ಹಿಡಿದು, ಕೈ ಪೂರ್ತಿ ಚಾಚಿ ನೋಡಿದೆ. ಹೊಳೆಯುವ ಡಯಲ್, ಬೆಳ್ಳಿ ಬಣ್ಣದ ಮುಳ್ಳು ಇದ್ದವು ಬಿಸಿಲಲ್ಲಿ ಕುರುಡಾದವು. ಮಾಸಲು ಕಪ್ಪಿನ ಮೇಲೆ ಬಿಳಿ ಅಂಕಿ, ಬಿಳಿ ಮುಳ್ಳು ಇದ್ದದ್ದು ಮಾತ್ರ ಬಿದ್ರಿ ಹೂಜಿಯ ಬೆಳ್ಳಿಗೆರೆಯಂತೆ ಎದ್ದು ಕಂಡಿತು.

ಗ್ಲಾಸಿನ ವಿಷಯಕ್ಕೆ ಬರೋಣ, ನಮ್ಮ ಕೆಲಸದಲ್ಲಿ ವಾಚು ಸೋಲುವುದು ಇಲ್ಲೇ. ಶಹಾಬಾದ ಕಲ್ಲು ಸುಣ್ಣಗಲ್ಲು. ಅದರ ಮುಖ್ಯ ಖನಿಜದ ಗಡಸುತನ, ಒಂದರಿಂದ ಹತ್ತರವರೆಗಿನ ಮೋಹ್ಸ್ ಅಳತೆಯಲ್ಲಿ, 3. ವಾಚಿನ ಸಾದಾ ಗಾಜು ಐದರ ಮೇಲೆ. ಅಂದರೆ ಕಲ್ಲಿನ ಧೂಳು ಗಾಜನ್ನು ಅಷ್ಟಾಗಿ ಗೀರುವುದಿಲ್ಲ. ಗೀರುವುದು ಕಲ್ಲನ್ನು ಉಜ್ಜುವ ಕಾರ್ಬೊರಂಡಂ. ಅದರ ಗಡಸುತನ 9ಕ್ಕಿಂತ ತುಸು ಹೆಚ್ಚು, ಸಫೈರ್ ಗ್ಲಾಸಿನದು 9. ‘ಸಫೈರ್ ಹಾಕಿಸ್ರಿ, ಜಲ್ಮದಾಗ ಗೀರು ಬೀಳಂಗಿಲ್ಲ’ ಅಂತ ಅಂಗಡಿಯವರು ಹೇಳುವುದು ಆಫೀಸಿನವರ ಮಟ್ಟಿಗೆ ಖರೆ, ಪಾಲಿಶ್ ಶೆಡ್ಡಿನಲ್ಲಿ ನಡೆಯುವುದಿಲ್ಲ. ಮೇಲಾಗಿ ಸಫೈರ್ ಗಡಸು ಆದಷ್ಟೂ ಪೆಡಸು, ಅಂಚಿಗೆ ಪೆಟ್ಟು ಬಿದ್ದರೆ ಸೀಳುತ್ತದೆ. ಹಳೆಯ ಮಿಲಿಟ್ರಿ ವಾಚುಗಳಿಗೆ ಪ್ಲಾಸ್ಟಿಕ್ ಗ್ಲಾಸ್ ಹಾಕುತ್ತಿದ್ದದ್ದು ಅದು ಚೂರಾಗುವುದಿಲ್ಲ ಅಂತ. ಅದೂ ನನಗೆ ಒಗ್ಗಲಿಲ್ಲ, ಅದನ್ನು ಮಬ್ಬು ಮಾಡಲು ಸುಣ್ಣಗಲ್ಲಿನ ಧೂಳೇ ಸಾಕು. ಕೊನೆಗೆ ನಿಂತದ್ದು ಸಾದಾ ಗಾಜಿನ ಮೇಲೆ. ಮಬ್ಬಾದಾಗ ಚೌಕದ ಹತ್ತಿರದ ವಾಚ್ ರಿಪೇರಿಯ ಘಡಿ ಚಾಚಾ ಕಡಿಮೆ ಖರ್ಚಿನಲ್ಲಿ ಬೇರೆ ಕೂಡಿಸಿ ಕೊಡುತ್ತಾರೆ. ನಾನು ಪಾಲಿಸುವ ನಿಯಮ ಒಂದೇ: ರಾಡಿ ಮೆತ್ತಿದ ಗ್ಲಾಸನ್ನು ಅಂಗಿಯ ಚುಂಗಿನಿಂದ ಒರೆಸುವುದಿಲ್ಲ. ಒರೆಸಿದರೆ ಕಾರ್ಬೊರಂಡಂ ಪುಡಿಯನ್ನು ನಾವೇ ಗಾಜಿಗೆ ಹಾಕಿ ಉಜ್ಜಿದಂತೆ. ಮೊದಲು ನೀರು ಸುರಿದು ತೊಳೆದು, ಆಮೇಲೆ ಬಟ್ಟೆ.

ಸೈನಿಕರು ಡಯಲನ್ನು ಮುಂಗೈಯ ಒಳಮಗ್ಗುಲಿಗೆ ತಿರುಗಿಸಿ ಕಟ್ಟುವುದುಂಟು. ಗಾಜಿನ ಹೊಳಪು ದೂರಕ್ಕೆ ಕಾಣಬಾರದು, ಬಂದೂಕು ಹಿಡಿದಾಗಲೂ ಟೈಮ್ ಕಾಣಬೇಕು ಅಂತ. ನಾನೂ ಹಾಗೆ ಕಟ್ಟಿ ನೋಡಿದೆ. ಫರಸಿ ಎತ್ತುವಾಗ ಅಂಚು ಒತ್ತುವುದು ಸರಿಯಾಗಿ ಅಲ್ಲಿಗೇ. ಬಿಟ್ಟೆ.

ಬೆಲ್ಟ್ ವಿಷಯದಲ್ಲಿ ಮಾತ್ರ ಸೈನ್ಯದವರ ಬುದ್ಧಿಗೆ ಕೈಮುಗಿಯಬೇಕು. ಬೇಸಿಗೆಯಲ್ಲಿ ಚರ್ಮದ ಬೆಲ್ಟ್ ಬೆವರು ಕುಡಿದು ನಾರುತ್ತದೆ, ಸುಣ್ಣದ ನೀರು ಬಿದ್ದು ಒಣಗಿ ಬಿರಿಯುತ್ತದೆ. ಸ್ಟೀಲ್ ಚೈನಿನ ಸಂದಿಗಳಲ್ಲಿ ರಾಡಿ ಸೇರಿ ಗಟ್ಟಿಯಾಗುತ್ತದೆ. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ಗೊತ್ತು ಮಾಡಿದ ಬೂದು ಬಣ್ಣದ, 20 ಮಿಲಿಮೀಟರ್ ಅಗಲದ ನೈಲಾನ್ ಬೆಲ್ಟ್ ಒಂದೇ ಉದ್ದನೆಯ ಪಟ್ಟಿ. ಅದು ವಾಚಿನ ಹಿಂದೆ ಎರಡೂ ಪಿನ್ನುಗಳ ಒಳಗಿಂದ ತೂರಿ ಹೋಗುತ್ತದೆ. ಒಂದು ಪಿನ್ ಮುರಿದರೂ ಇನ್ನೊಂದರಲ್ಲಿ ವಾಚು ಸಿಕ್ಕಿಕೊಂಡೇ ಇರುತ್ತದೆ. ಬೇರೆ ಬೆಲ್ಟಿನಲ್ಲಿ ಪಿನ್ ಹಾರಿದರೆ ವಾಚು ನೇರ ರಾಡಿ ಗುಂಡಿಗೆ. ಈ ನಮೂನೆಯ ಬೆಲ್ಟಿನಲ್ಲಿ ವಾಚು ಜಾರದಿರಲಿ ಅಂತ ಕೆಳಗೊಂದು ಸಣ್ಣ ಎರಡನೇ ಪಟ್ಟಿ ಇರುತ್ತದೆ. ಅದರಿಂದ ದಪ್ಪ ಹೆಚ್ಚಿ ಬೆವರು ಅಲ್ಲೇ ನಿಲ್ಲುತ್ತಿತ್ತು. ನಾನದನ್ನು ಬ್ಲೇಡಿನಿಂದ ಕೊಯ್ದು, ನೂಲು ಬಿಚ್ಚದಂತೆ ಅಂಚಿಗೆ ಲೈಟರ್ ತಾಗಿಸಿದೆ. ಬಿಚ್ಚಿದಾಗ ವಾಚು ಪಟ್ಟಿಯ ಮೇಲೆ ಜಾರಾಡುತ್ತದೆ, ಆಡಲಿ. ಎರಡು ಬೆಲ್ಟ್ ಇಟ್ಟುಕೊಂಡಿದ್ದೇನೆ. ಸಂಜೆ ಒಂದನ್ನು ಬಟ್ಟೆ ಸೋಪು ಹಚ್ಚಿ ತಿಕ್ಕಿ ಹಗ್ಗಕ್ಕೆ ಹಾಕುತ್ತೇನೆ. ತೊಳೆಯದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸುಣ್ಣ ಹಿಡಿದು ಸೆಟೆದು ನಿಲ್ಲುತ್ತದೆ.

ನೀರಿನ ಬಗ್ಗೆ ನನಗೆ ಸರಿಯಾಗಿ ತಿಳಿಸಿದ್ದು ಚಾಚಾ. ಗ್ಲಾಸಿನೊಳಗೆ ಒಂದು ಸಲ ಮಂಜು ಕಟ್ಟಿದಾಗ, ವಾಚಿನ ಹಿಂದೆ ಬರೆದ ನೀರು ತಡೆಯುವ ಅಳತೆ ತೋರಿಸಿ ಕೇಳಿದೆ:

“ಚಾಚಾ, ಹಿಂದ 50 ಮೀಟರ್ ಅಂತ ಬರದದಲ್ರಿ?”

“ಬರದದ, ಖರೆ. ಅದು ಹೊಸಾದು ಇದ್ದಾಗಿನ ಮಾತು ಬೇಟಾ. ಘಡಿ ಒಳಗ ಗಾಳಿ ಇರ್ತದ. ಬಿಸಿಲಾಗ ಹಿಗ್ತದ. ಹಂಗೇ ತಣ್ಣೀರಾಗ ಮುಣುಗಿಸಿದಿ ಅಂದ್ರ ಕುಗ್ಗಿ ಹೊರಗಿನ ನೀರು ಎಳಕೋತದ. ರಬ್ಬರ್ ಗಟ್ಟಿ ಆಗಿದ್ರ ಮುಗೀತು.”

ಕಾದ ಫರಸಿಯ ಪಕ್ಕ ನಿಂತು, ಬಳಿಕ ಕೈ ತೊಟ್ಟಿಗೆ ಅದ್ದುವವರ ವಾಚಿನ ಕಥೆ ದಿನವೂ ಇದೇ. ಅಂದಿನಿಂದ ಸೆಲ್ ಬದಲಿಸುವಾಗಲೆಲ್ಲ ಒಳಗಿನ ರಬ್ಬರ್ ರಿಂಗ್ ಕೂಡ ಹೊಸದು ಹಾಕಿಸಿ, ಅದಕ್ಕೆ ಸಿಲಿಕೋನ್ ಗ್ರೀಸ್ ಸವರಲು ಹೇಳುತ್ತೇನೆ. ವಾಚಿನ ಹಿಂದೆ 30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯುವಾಗಿನ ಹನಿಗೆ ಮಾತ್ರ ಅಂತ ತಿಳಿಯಬೇಕು, ಬಾವಿಗೆ ಹಾರುವವರು 100 ಮೀಟರಿನದೇ ನೋಡಬೇಕು. ಬ್ರಿಟಿಷ್ ಸೈನ್ಯಕ್ಕೆ 1980ರಿಂದ ಬಂದ ಸಿಡಬ್ಲ್ಯೂಸಿ ಕಂಪನಿಯ ಸೆಲ್ ವಾಚಿಗೆ ಹಿಂಬದಿಯಲ್ಲಿ ಸೆಲ್‌ಗೆಂದೇ ಪುಟ್ಟ ಮುಚ್ಚಳ ಇತ್ತು, ಪೂರ್ತಿ ಕೇಸ್ ಬಿಚ್ಚಬೇಕಿರಲಿಲ್ಲ. ಅಂಥದ್ದನ್ನು ಎಲ್ಲ ವಾಚಿಗೂ ಯಾಕೆ ಇಡುವುದಿಲ್ಲವೋ.

ಶೆಡ್ಡಿನ ಹುಡುಗರು ಮೊದಲು ಕೇಳುವುದು “ಅಣ್ಣಾ, ರೇಡಿಯಂ ಅದಾ?” ಅಂತ. ಹೊಸ ವಾಚುಗಳಲ್ಲಿ ಇರುವುದು ಸ್ಟ್ರಾಂಷಿಯಂ ಅಲ್ಯುಮಿನೇಟ್, 1990ರ ದಶಕದಲ್ಲಿ ಜಪಾನಿನಿಂದ ಬಂದದ್ದು. ಬೆಳಕು ಕುಡಿದು ಕತ್ತಲಲ್ಲಿ ಬಿಡುತ್ತದೆ, ಅಪಾಯವಿಲ್ಲ. ಯುದ್ಧಕಾಲದ ವಾಚುಗಳಲ್ಲಿ ಇದ್ದದ್ದು ನಿಜವಾದ ರೇಡಿಯಂ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಕರಗಲು ಹಿಡಿಯುವ ಕಾಲ, ಸುಮಾರು 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿಲ್ಲ. ಅಂಥ ಹಳೆಯ ವಾಚು ಎಲ್ಲಾದರೂ ಸಿಕ್ಕರೆ ಬಿಚ್ಚಿ ಕೆರೆಯುವ ಹುಕಿ ಬೇಡ.

ಕೊಳ್ಳುವಾಗ ಚಾವಿ ಹೊರಗೆಳೆದು ಸೆಕೆಂಡ್ ಮುಳ್ಳು ನಿಲ್ಲುತ್ತದೆಯೇ ಎಂದು ನೋಡಿದೆ. ಎರಡನೇ ಮಹಾಯುದ್ಧದ ಅಮೆರಿಕದ ಎ-11 ವಾಚಿನಲ್ಲಿ ಈ ಅನುಕೂಲ ಇತ್ತು, ಎಲ್ಲರೂ ಒಂದೇ ಸೆಕೆಂಡಿಗೆ ವಾಚು ಹೊಂದಿಸಿಕೊಳ್ಳಲಿ ಅಂತ. ನಮ್ಮಲ್ಲಿ ಎರಡು ಪಾಳಿಯ ಸೂಪರ್‌ವೈಸರ್‌ಗಳು ಮೊಬೈಲ್ ನೋಡಿ ಹಾಗೆ ಹೊಂದಿಸಿಕೊಂಡ ಮೇಲೆ, ಯಂತ್ರದ ತಾಸಿನ ಲೆಕ್ಕದಲ್ಲಿ ‘ನನ್ನ ವಾಚು, ನಿನ್ನ ವಾಚು’ ಎಂಬ ತಂಟೆ ನಿಂತಿದೆ. ಒಳಗಿನ ಸುತ್ತಿನಲ್ಲಿ 13ರಿಂದ 24ರವರೆಗೆ ಇರುವ ಸಣ್ಣ ಅಂಕಿಗಳು ಮೊದಲು ಗೊಂದಲ ಅನಿಸಿದ್ದವು. ವಾಡಿ ಜಂಕ್ಷನ್ನಿನಲ್ಲಿ ರೈಲು ಹಿಡಿಯುವವರಿಗೆ ಬಲು ಉಪಯೋಗ, 21:40 ಅಂದರೆ ಎಷ್ಟು ಅಂತ ಬೆರಳು ಮಡಚಬೇಕಿಲ್ಲ.

ರವಿವಾರಕ್ಕೆ ಬೇರೆ ವಾಚಿದೆ, ಚಾವಿ ಕೊಡುವ ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ಬಿಳಿ ಅಂಕಿ, 17 ಜ್ಯುವೆಲ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಈಗಿಲ್ಲ, ವಾಚ್ ವಿಭಾಗ ಮುಚ್ಚಲು ಕೇಂದ್ರ 2016ರಲ್ಲಿ ಒಪ್ಪಿತು. ಈಗ ಆನ್‌ಲೈನಿನಲ್ಲಿ ‘ಹೊಚ್ಚಹೊಸ ಪೈಲಟ್’ ಅಂತ ಸಿಗುವ ಬಹಳಷ್ಟು ವಾಚುಗಳು ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಹೊಡೆದ ಡಯಲ್ ಕೂಡಿಸಿದವು. ಕಿತ್ತಳೆ, ನೀಲಿ ಡಯಲ್ ಕಂಡರೆ ನಾನು ಮುಂದೆ ಹೋಗುತ್ತೇನೆ. ಕಪ್ಪು ಇದ್ದರೂ ಅಂಕಿಗಳ ಅಂಚು ಹರಡಿದೆಯೇ, ನಿಮಿಷದ ಗೆರೆ ಅಂಕಿಯ ನೇರಕ್ಕೆ ಇದೆಯೇ ಅಂತ ಭೂತಗನ್ನಡಿ ಹಿಡಿದು ನೋಡಬೇಕು. ನನ್ನದನ್ನು ಕೊಳ್ಳುವ ಮುಂಚೆ ಚಾಚಾ ಹಿಂಬದಿ ಬಿಚ್ಚಿಸಿ, ಯಂತ್ರಕ್ಕೆ ತುಕ್ಕಿಲ್ಲ ಎಂದು ನೋಡಿ ಹೂಂ ಅಂದರು. ಶೆಡ್ಡಿಗೆ ಅದನ್ನು ಒಯ್ಯುವುದಿಲ್ಲ. ಸ್ಪೀಕರಿನ ಹತ್ತಿರ ಇಡುವುದೂ ಇಲ್ಲ: ಅಯಸ್ಕಾಂತ ತಾಗಿ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದರೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೋಡುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಚಾಚಾಗೆ ಬಿಡಿಭಾಗ ಬರುವುದು ಕೆಟ್ಟ ವಾಚುಗಳಿಂದಲೇ. ಮನೆಯಲ್ಲಿ ನಿಂತುಹೋದ ಎಚ್‌ಎಂಟಿ ಬಿದ್ದಿದ್ದರೆ ಗುಜರಿಗೆ ಹಾಕಬ್ಯಾಡ್ರಿ, ನನಗ ತಂದು ಕೊಡ್ರಿ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿರುತ್ತಾರೆ.