ಆನ್‌ಲೈನ್ ಬ್ರಿಜ್: ಕೊನೆಯ ಸುತ್ತಿನಲ್ಲಿ ದಿಕ್ಕು ಬದಲಿಸಿದರೆ ಸಾಲದು

ಏಳು ಟೇಬಲ್, 14 ಜೋಡಿ, 28 ಬೋರ್ಡ್ (ಒಮ್ಮೆ ಹಂಚಿದ ಎಲೆಗಳ ಆಟವೇ ಒಂದು ಬೋರ್ಡ್), ಸುತ್ತಿಗೆ ನಾಲ್ಕು ಬೋರ್ಡ್. ಡೂಪ್ಲಿಕೇಟ್ ಬ್ರಿಜ್, ಅಂದರೆ ಅದೇ ಹಂಚಿಕೆಯ ಎಲೆಗಳನ್ನು ಎಲ್ಲ ಟೇಬಲುಗಳಲ್ಲೂ ಆಡುವ ಇಸ್ಪೀಟಾಟ, ಆಡಿಸುವವರಿಗೆ ಹಿಡಿಸುವ ಲೆಕ್ಕ. ಮಿಚೆಲ್ ಪದ್ಧತಿಯಲ್ಲಿ ಉತ್ತರ-ದಕ್ಷಿಣದ ಜೋಡಿಗಳು ಕೂತಲ್ಲೇ ಇರುತ್ತವೆ. ಪೂರ್ವ-ಪಶ್ಚಿಮದವು ಸುತ್ತಿಗೊಂದು ಟೇಬಲ್ ಮುಂದೆ ಸರಿಯುತ್ತವೆ. ತಕರಾರು ಶುರುವಾಗುವುದು ಎರಡೂ ಸಾಲು ಬೆರೆಸಿ ಒಂದೇ ಜೋಡಿಗೆ ಬಹುಮಾನ ಕೊಡಲು ಹೊರಟಾಗ.

ಮೊದಲು ಯಾರು ಯಾರಿಗೆ ಎದುರಾಳಿ ಎಂದು ನೋಡಿ. ಮ್ಯಾಚ್‌ಪಾಯಿಂಟ್ ಆಟದಲ್ಲಿ ಅದೇ ಎಲೆಗಳನ್ನು ನಿಮ್ಮ ದಿಕ್ಕಿನಲ್ಲಿ ಆಡಿದ ಬೇರೆ ಜೋಡಿಗಳೊಂದಿಗೆ ಹೋಲಿಸಿ ಅಂಕ ಕೊಡುತ್ತಾರೆ. ಅದರ ಪ್ರತಿ ಬೋರ್ಡಿನಲ್ಲೂ, ಬೇರೆ ಟೇಬಲಿನಲ್ಲಿ ನಿಮ್ಮದೇ ದಿಕ್ಕಿನಲ್ಲಿ ಕೂತವರೊಂದಿಗೆ ನಿಮ್ಮ ಪೈಪೋಟಿಯ ತೂಕ 1 ಎನ್ನೋಣ. ನಿಮ್ಮ ಟೇಬಲಿನಲ್ಲೇ ಆಡುವ ಎದುರಾಳಿ ಜೋಡಿಯೊಂದಿಗೆ 6, ಏಕೆಂದರೆ ನಿಮ್ಮ ಫಲಿತಾಂಶವನ್ನು ಉಳಿದ ಆರೂ ಟೇಬಲುಗಳೊಂದಿಗೆ ಹೋಲಿಸುತ್ತಾರೆ. ಬೇರೆ ಟೇಬಲಿನಲ್ಲಿ ವಿರುದ್ಧ ದಿಕ್ಕಿನಲ್ಲಿರುವವರೊಂದಿಗೆ ಮೈನಸ್ 1. ಅವರು ಚೆನ್ನಾಗಿ ಆಡಿದಷ್ಟೂ ಲಾಭ ನಿಮಗೇ. ಈಗ ಕೂಡಿಸಿ. ಎದುರು ಸಾಲಿನ ಯಾವುದೇ ಜೋಡಿಯೊಂದಿಗೆ ಮುಖಾಮುಖಿ ನಾಲ್ಕು ಬೋರ್ಡಿಗೆ 24, ಉಳಿದ 24 ಬೋರ್ಡಿಗೆ ಮೈನಸ್ 24. ಮೊತ್ತ ಸೊನ್ನೆ! ಎರಡು ಸಾಲುಗಳ ನಡುವೆ ಸ್ಪರ್ಧೆಯೇ ನಡೆದಿಲ್ಲ.

ಕ್ಲಬ್ಬುಗಳಲ್ಲಿ ಇದಕ್ಕೆ ಹಳೆಯ ಮದ್ದು ಆರೋ ಸ್ವಿಚ್: ಕೊನೆಯ ಸುತ್ತಿನಲ್ಲಿ ಎಲ್ಲ ಟೇಬಲುಗಳಲ್ಲೂ ದಿಕ್ಕು ಅದಲುಬದಲು. ಆ ಸುತ್ತಿನಲ್ಲಿ ಒಂದೊಂದು ಟೇಬಲಿನಲ್ಲೂ ಬೇರೆ ಬೇರೆ ಬೋರ್ಡ್ ಇರುವುದರಿಂದ ಅಲ್ಲಿ ಅದು ಫಲಿಸುತ್ತದೆ. ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ಎಲ್ಲರೂ ಅದೇ ಬೋರ್ಡನ್ನು ಏಕಕಾಲಕ್ಕೆ ಆಡುತ್ತಾರೆ. ಇಲ್ಲಿ ಎಲ್ಲರನ್ನೂ ತಿರುಗಿಸುವುದೆಂದರೆ ಊಟದ ಇಡೀ ಪಂಕ್ತಿಯನ್ನು ಎಬ್ಬಿಸಿ ಎದುರು ಬದಿಗೆ ಕೂರಿಸಿದಂತೆ, ಪಕ್ಕದವರು ಹಳಬರೇ. ಹೋಲಿಕೆ ಒಂದೂ ಬದಲಾಗದು. ಇದನ್ನು ಗಮನಿಸದೆ ಸ್ವಿಚ್ ಒತ್ತಿ ನಿಶ್ಚಿಂತೆಯಿಂದಿರುವ ಆಯೋಜಕರೇ ಹೆಚ್ಚೆಂದು ನನ್ನ ಗುಮಾನಿ.

ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂದೇ ಒಂದು ಟೇಬಲನ್ನು ತಿರುಗಿಸಿ. ಯಾವುದನ್ನು? ಮೊದಲ ಸುತ್ತಿಗೆ ಒಂದನೆಯದು, ಎರಡಕ್ಕೆ ಎರಡನೆಯದು ಎಂದು ಹೊರಟರೆ ಕೆಟ್ಟಿತು: ಪೂರ್ವ-ಪಶ್ಚಿಮದ ಒಂದನೇ ಜೋಡಿಯೂ ಅದೇ ವೇಗದಲ್ಲಿ ಸರಿಯುತ್ತಿರುತ್ತದೆ, ಪ್ರತಿ ಸಲವೂ ಅದೇ ತಿರುಗುತ್ತದೆ. ಒಂದು ಬಿಟ್ಟು ಒಂದು ಹಿಡಿಯಿರಿ: 1, 3, 5, 7, 2, 4, 6. ಹೀಗಾದರೆ ಹದಿನಾಲ್ಕೂ ಜೋಡಿಗಳು ತಲಾ ಒಂದೇ ಸುತ್ತು ದಿಕ್ಕು ಬದಲಿಸುತ್ತವೆ. ನಿಮ್ಮ ಸಾಲಿನವರೊಂದಿಗೆ ಪೈಪೋಟಿ ತಲಾ 12, ಎದುರು ಸಾಲಿನವರೊಂದಿಗೆ 16. ದಿಕ್ಕು ಬದಲಿಸಿದ ಸುತ್ತಿನಲ್ಲಿ ಎದುರಾದ ಜೋಡಿಯೊಂದಿಗೆ ಮಾತ್ರ ಸೊನ್ನೆಯೇ ಉಳಿಯುತ್ತದೆ. ಪೂರ್ತಿ ಸಮವಲ್ಲ, ಆದರೆ ಒಂದೇ ಪಟ್ಟಿಗೆ ಧಾರಾಳ ಸಾಕು.

ನಾಲ್ಕೈದು ಟೇಬಲ್ ಮಾತ್ರ ಇದ್ದರೆ ಈ ಗೋಜೇ ಬೇಡ, ಸಾಲುಗಳೇ ಇಲ್ಲದೆ ಜೋಡಿಗಳೆಲ್ಲ ಪರಸ್ಪರ ಎದುರಾಗುವ ಹೋವೆಲ್ ಪದ್ಧತಿ ಹಿಡಿಯಿರಿ.

ನಿಮ್ಮ ತಂತ್ರಾಂಶದಲ್ಲಿ ಒಂದೇ ಟೇಬಲನ್ನು ತಿರುಗಿಸಲು ಬಾರದಿದ್ದರೆ ಎರಡು ಪಟ್ಟಿ, ಎರಡು ಬಹುಮಾನ ಎಂದು ಆಟಕ್ಕೆ ಮುಂಚೆಯೇ ಸಾರಿಬಿಡಿ. ಆಗ ಬಲವಾದ ಜೋಡಿಗಳೆಲ್ಲ ಒಂದೇ ಸಾಲಿಗೆ ಬೀಳದಂತೆ ಹಂಚುವುದೂ ನಿಮ್ಮ ಕೆಲಸ. ತಿರುಗಿಸುವುದೇ ಆದರೆ ಆ ಟೇಬಲಿನವರಿಗೆ ಮೊದಲೇ ತಿಳಿಸಿ, ವಲ್ನರಬಲ್ (ಸೋತರೆ ಹೆಚ್ಚು ದಂಡ, ಗೆದ್ದರೆ ಹೆಚ್ಚು ಬೋನಸ್ ಇರುವ ಬದಿ) ಯಾರೆಂದು ನೋಡಿಕೊಂಡೇ ಬಿಡ್ ಮಾಡಲಿ.